ಅಜ್ಜಿಯ ಹತ್ತಿರ ಹೋಗು, ಆದರೆ ಎಂಟು ತಿಂಗಳು ಬೇಡ

ಪುಟ್ಟಿ,

ನಿನ್ನೆ ರಾತ್ರಿ, ಎಂಟು ತಿಂಗಳು ಮೈಸೂರಿಗೆ ಹೋಗಿ ಅಜ್ಜಿಯನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೆ ಜಗಳವೇ ಮುಂದುವರಿಯುತ್ತಿತ್ತು. ಬರೆದರೆ ಪೂರ್ತಿ ಹೇಳಬಹುದು ಅನ್ನಿಸಿತು.

ಮೊದಲು ಅಜ್ಜಿಯ ಸುದ್ದಿ. ಸೊಂಟದ ಆಪರೇಷನ್ ಚೆನ್ನಾಗಿ ಆಗಿದೆ. ಬೆಳಿಗ್ಗೆ ಮಾಮ ವಿಡಿಯೋ ಕಾಲ್ ಮಾಡಿ ತೋರಿಸಿದ. ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದ್ದಾರೆ. "ಪುಟ್ಟಿ ಬರ್ತಾಳಂತಲ್ಲ" ಎಂದು ಅಜ್ಜಿಯೇ ನನಗೆ ಹೇಳಿದರು. ಅಂದರೆ ನೀನು ನನ್ನನ್ನು ಕೇಳುವ ಮೊದಲೇ ಅವರಿಗೆ ಮಾತು ಕೊಟ್ಟಾಗಿದೆ.

ನೀನು ಹೇಳಿದ್ದು ನಿಜ. ನಮ್ಮ ನಾಲ್ಕು ಜನರಲ್ಲಿ ಇವತ್ತು ವಿಮಾನ ಹತ್ತಿ ಬೆಂಗಳೂರಿಗೆ ಹೋಗಿ ಇಳಿಯಬಲ್ಲವಳು ನೀನೊಬ್ಬಳೇ. ಅಪ್ಪ, ನಾನು ಹೋದ ತಿಂಗಳು ನ್ಯೂವಾರ್ಕಿನಲ್ಲಿ ಅಮೆರಿಕದ ಪೌರತ್ವದ ಪ್ರಮಾಣ ಮಾಡಿ ಬಂದೆವು. ಅಲ್ಲಿ ಕಾಯಂ ವಾಸದ ಗ್ರೀನ್ ಕಾರ್ಡ್ ವಾಪಸ್ ತೆಗೆದುಕೊಂಡು ಸರ್ಟಿಫಿಕೇಟ್ ಕೊಟ್ಟರು. ಆ ಸರ್ಟಿಫಿಕೇಟನ್ನೂ ಅಮೆರಿಕದ ಪಾಸ್‌ಪೋರ್ಟಿನ ಅರ್ಜಿ ಜೊತೆ ಕಳಿಸಿದ್ದೇವೆ. ಭಾರತದ ಪಾಸ್‌ಪೋರ್ಟ್ ಬೀರುವಿನಲ್ಲೇ ಇದೆ, ಅವಧಿಯೂ ಇದೆ, ಆದರೆ ಬಳಸುವಂತಿಲ್ಲ. ಎರಡು ದೇಶದ ಪೌರತ್ವವನ್ನು ಭಾರತ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ, ಇಲ್ಲಿ ಪೌರಳಾದ ಕೂಡಲೇ ಅಲ್ಲಿಯದು ಮುಗಿಯಿತು. ಇನ್ನು ಹೊಸ ಪಾಸ್‌ಪೋರ್ಟ್ ಬರಬೇಕು, ಹಳೆಯದನ್ನು ಒಪ್ಪಿಸಬೇಕು, ಆಮೇಲೆ ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್, ಇಲ್ಲವೇ ವೀಸಾ. ಹೆತ್ತ ತಾಯಿಯನ್ನು ನೋಡಲು ನನಗೆ ವೀಸಾ ಬೇಕು. ಇದೆಲ್ಲ ಗೊತ್ತಿದ್ದೇ ಸಹಿ ಹಾಕಿದ್ದು. ಆದರೆ ಅರ್ಜಿ ತುಂಬುವಾಗ ಆಗದ ಸಂಕಟ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು ಎಂದು ಮಾಮ ಹೇಳಿದಾಗ ಆಯಿತು.

"ತಮ್ಮನಿಗೆ ಕೂತಲ್ಲೇ ಸಿಕ್ತು, ನಾನು ಮಾತ್ರ ಇನ್ನೂ ಕ್ಯೂನಲ್ಲಿ" ಎಂದೆಯಲ್ಲ. ಅದೂ ನಿಜವೇ. ಗ್ರೀನ್ ಕಾರ್ಡ್ ಇದ್ದು ಅಪ್ಪ ಅಮ್ಮನ ಜೊತೆ ಇರುವ ಮಗುವಿಗೆ 18 ತುಂಬಿರದಿದ್ದರೆ, ಇಬ್ಬರಲ್ಲಿ ಒಬ್ಬರು ಪೌರರಾದ ಕ್ಷಣ ತಾನಾಗಿಯೇ ಪೌರತ್ವ ಬರುತ್ತದೆ. 2000ದಲ್ಲಿ ಆದ ಕಾನೂನು ಅದು. ನಿನಗೆ 20. ಇಬ್ಬರೂ ಮೈಸೂರಿನಲ್ಲಿ ಹುಟ್ಟಿದವರು, ಒಂದೇ ವಿಮಾನದಲ್ಲಿ ಬಂದವರು, ಗ್ರೀನ್ ಕಾರ್ಡೂ ಒಟ್ಟಿಗೇ ಬಂತು. ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇಕಡಾ 7 ಎಂಬ ಮಿತಿಯಿಂದ ನಮ್ಮ ಸರದಿ ಅಷ್ಟು ತಡವಾಯಿತು. ಮೂರು ವರ್ಷ ಮೊದಲು ಬಂದಿದ್ದರೆ ನೀನೂ ತಮ್ಮನ ಹಾಗೇ ನಮ್ಮ ಜೊತೆ ದಾಟಿಬಿಡುತ್ತಿದ್ದೆ. ಈ ವಿಷಯದಲ್ಲಿ ನಿನಗಿಂತ ನನಗೇ ಬೇಜಾರು ಜಾಸ್ತಿ. ನಿನಗೆ 21 ಆಗುವುದರೊಳಗೆ ಗ್ರೀನ್ ಕಾರ್ಡ್ ಬರುತ್ತೋ ಇಲ್ಲವೋ ಎಂದು ಕಾಯ್ದ ದಿನಗಳ ಬಗ್ಗೆ ಬರೆಯುವುದಿಲ್ಲ, ಇಬ್ಬರಿಗೂ ಗೊತ್ತಿದೆ.

ಹೋಗಬೇಡ ಎಂದು ನಾನು ಹೇಳುತ್ತಿಲ್ಲ. ಎಂಟು ತಿಂಗಳು ಬೇಡ ಎನ್ನುತ್ತಿದ್ದೇನೆ. ಪೌರತ್ವದ ಅರ್ಜಿ ಹಾಕಿ ಆಯಿತು, ಬೆರಳಚ್ಚು ಕೊಟ್ಟಾಯಿತು, ಇನ್ನೇನು ಎಂದು ನೀನು ಕೇಳಿದೆ. ಇದೆ ಕಣೇ. ಪ್ರಮಾಣ ಮಾಡುವ ದಿನದವರೆಗೂ ನೀನು ಇಲ್ಲೇ ನೆಲೆಸಿರಬೇಕು. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಆ ವಾಸ ಮುರಿಯಿತು ಎಂದೇ ವಲಸೆ ಇಲಾಖೆಯವರು ಹಿಡಿಯುತ್ತಾರೆ. ಮುರಿದಿಲ್ಲ ಎಂದು ಕಾಗದ ಪತ್ರ ತೋರಿಸಬೇಕಾದವಳು ನೀನು. ನಡುವೆ ಇಂಟರ್‌ವ್ಯೂಗೆ ಕರೆ ಬಂದು, ನೀನು ಹೋಗದೆ, ಬೇರೆ ದಿನವನ್ನೂ ಕೇಳದೆ ಇದ್ದರೆ ಅರ್ಜಿಯನ್ನೇ ಮುಚ್ಚಬಹುದು.

ನಾನು ಇಷ್ಟು ಹೆದರುವುದು ಯಾಕೆ ಎಂದು ನಿನಗೆ ಪೂರ್ತಿ ಹೇಳಿಲ್ಲ. ಅಜ್ಜ ಹೋದಾಗ ನಿನಗೆ ಶಾಲೆ ತಪ್ಪಬಾರದು ಎಂದು ನಿನ್ನನ್ನು ಅಪ್ಪನ ಹತ್ತಿರ ಬಿಟ್ಟು ತಮ್ಮನನ್ನು ಎತ್ತಿಕೊಂಡು ಓಡಿದೆ. ಪಾಸ್‌ಪೋರ್ಟಿನಲ್ಲಿದ್ದ ಅಮೆರಿಕದ ವೀಸಾದ ಅವಧಿ ಮುಗಿದಿತ್ತು. ವೈಕುಂಠ ಸಮಾರಾಧನೆ ಮುಗಿಸಿ ರಾತ್ರಿ ಬಸ್ಸಿನಲ್ಲಿ ಸ್ಟಾಂಪಿಂಗಿಗೆ, ಅಂದರೆ ಹೊಸ ವೀಸಾ ಹಾಕಿಸಿಕೊಳ್ಳಲು ಅಮೆರಿಕದ ಕಾನ್ಸುಲೇಟಿಗೆ ಹೋದೆ. ಗಾಜಿನ ಆಚೆ ಇದ್ದಾತ ಅಪ್ಪನ ಕೆಲಸದ ಬಗ್ಗೆ ಒಂದೆರಡು ಪ್ರಶ್ನೆ ಕೇಳಿದ. ಆಮೇಲೆ ಗಾಜಿನ ಕೆಳಗಿನಿಂದ ಒಂದು ಚೀಟಿ ತಳ್ಳಿದ. 221(ಜಿ) ಎಂದಿತ್ತು. ಇನ್ನೂ ಪರಿಶೀಲನೆ ಇದೆ, ಕಾಯಿರಿ ಎಂದು ಅರ್ಥ. ಎಷ್ಟು ದಿನ ಎಂದು ಕೇಳಿದೆ. ಹೇಳಲಾಗುವುದಿಲ್ಲ ಎಂದ.

ಮೈಸೂರಿಗೆ ಬಂದು ಕೂತೆ. ಬೆಳಿಗ್ಗೆ ಎದ್ದ ಕೂಡಲೇ ಮಾಮನ ಕಂಪ್ಯೂಟರಿನಲ್ಲಿ ಕೇಸ್ ನಂಬರ್ ಒತ್ತಿ ನೋಡುತ್ತಿದ್ದೆ. ಮಧ್ಯಾಹ್ನ ಇನ್ನೊಂದು ಸಲ. ಅಮೆರಿಕದಲ್ಲಿ ಬೆಳಗಾಗಿರುತ್ತೆ ಎಂದು ರಾತ್ರಿ ಇನ್ನೊಂದು ಸಲ. ಅದೇ ಸಾಲು ಇರುತ್ತಿತ್ತು. ಅಷ್ಟರಲ್ಲಿ ನಿನ್ನ ಶಾಲೆ ಶುರುವಾಯಿತು. ಅಪ್ಪನಿಗೆ ಬರುತ್ತಿದ್ದದ್ದು ಮೊಸರನ್ನ ಒಂದೇ, ದಿನವೂ ಡಬ್ಬಿಗೆ ಅದೇ. ನೀನು ಇವತ್ತಿಗೂ ಮೊಸರನ್ನ ಮುಟ್ಟುವುದಿಲ್ಲ. ಸ್ಕೈಪಿನಲ್ಲಿ ನೀನು "ಯಾವಾಗ ಬರ್ತೀಯಾ" ಎನ್ನುತ್ತಿದ್ದೆ, ನಾನು "ಮುಂದಿನ ವಾರ" ಎನ್ನುತ್ತಿದ್ದೆ. ಆಮೇಲೆ ನೀನು ಕೇಳುವುದನ್ನೇ ಬಿಟ್ಟೆ. ಸುಮ್ನೆ ಬಂದು ಮುಖ ತೋರಿಸಿ, ಹೋಂವರ್ಕ್ ಇದೆ ಎಂದು ಎದ್ದು ಹೋಗುತ್ತಿದ್ದೆ. ಕೇಳದೆ ಹೋದದ್ದು ನನಗೆ ಇನ್ನೂ ಕಷ್ಟವಾಯಿತು.

ಗೇಟು ಸದ್ದಾದರೆ ಕೊರಿಯರ್ ಇರಬಹುದು ಎಂದು ನನಗಿಂತ ಮೊದಲು ಅಜ್ಜಿ ಎದ್ದು ಹೋಗುತ್ತಿದ್ದರು. ಗಂಡನನ್ನು ಕಳೆದುಕೊಂಡು ಒಂಟಿಯಾದ ಹೊತ್ತಿನಲ್ಲಿ, ಮಗಳು ಬೇಗ ಹೊರಟುಹೋಗಲಿ ಎಂದು ದೇವರಿಗೆ ದೀಪ ಹಚ್ಚುತ್ತಿದ್ದರು. "ನೀನು ಇಲ್ಲಿದ್ದರೆ ನನಗೆ ಜೀವ ಬರುತ್ತೆ, ಆದರೆ ಮಗು ಅಲ್ಲಿದೆಯಲ್ಲೇ" ಎನ್ನುತ್ತಿದ್ದರು. ಆ ಮಗು ನೀನು. ಈಗ ನೀನು ಅವರಿಗಾಗಿ ಎಲ್ಲ ಬಿಟ್ಟು ಹೊರಟಿದ್ದೀಯ. ನನಗೆ ಹೆಮ್ಮೆ ಇಲ್ಲ ಎಂದುಕೊಳ್ಳಬೇಡ.

ನಿನ್ನದು ಆ ಸ್ಥಿತಿ ಅಲ್ಲ, ಗ್ರೀನ್ ಕಾರ್ಡ್ ಇರುವವರು ಸ್ಟಾಂಪಿಂಗಿಗೆ ನಿಲ್ಲಬೇಕಿಲ್ಲ. ಗೊತ್ತು. ಆದರೂ ನೀನು ಎಂಟು ತಿಂಗಳು ಎಂದಾಗ ನನಗೆ ಕಂಡದ್ದು ಆ ಗಾಜು, ಆ ಚೀಟಿ.

ಹೇಗೂ ಬರೆಯುತ್ತಿದ್ದೇನೆ, ಇದನ್ನೂ ಓದು. ಕಾಲೇಜಿನಲ್ಲಿ ಓಟಿಗೆ ಹೆಸರು ಬರೆಸಿ ಎಂದು ಮೇಜು ಹಾಕಿಕೊಂಡು ಕೂತಿರುತ್ತಾರಲ್ಲ, ಯಾರು ಎಷ್ಟೇ ಕರೆದರೂ ಸಹಿ ಹಾಕಬೇಡ. ಪೌರರಲ್ಲದವರು ಹೆಸರು ಬರೆಸಿದರೆ ಅರ್ಜಿಯಷ್ಟೇ ಅಲ್ಲ, ಗ್ರೀನ್ ಕಾರ್ಡಿಗೂ ಕುತ್ತು. ಗಾಂಜಾ ಈ ರಾಜ್ಯದಲ್ಲಿ ತಪ್ಪಲ್ಲ, ಆ ರಾಜ್ಯದಲ್ಲಿ ತಪ್ಪಲ್ಲ ಎಂದು ಸ್ನೇಹಿತರು ಹೇಳಬಹುದು. ಪೌರತ್ವಕ್ಕೆ ಲೆಕ್ಕಕ್ಕೆ ಬರುವುದು ಕೇಂದ್ರದ ಕಾನೂನು, ಅದರಲ್ಲಿ ಇನ್ನೂ ತಪ್ಪೇ. ನೀನು ಅಂಥವಳಲ್ಲ, ಆದರೂ ಹೇಳುತ್ತೇನೆ. ರೂಮು ಬದಲಾಯಿಸಿದರೆ 10 ದಿನದೊಳಗೆ ವಲಸೆ ಇಲಾಖೆಗೆ ವಿಳಾಸ ತಿಳಿಸು. ಗ್ರೀನ್ ಕಾರ್ಡ್ ಯಾವಾಗಲೂ ಬ್ಯಾಗಿನಲ್ಲಿರಲಿ. ಪೌರತ್ವದ ಪರೀಕ್ಷೆಗೆ 128 ಪ್ರಶ್ನೆ ಓದಬೇಕು, 20 ಕೇಳುತ್ತಾರೆ, 12 ಸರಿ ಬಂದರೆ ಸಾಕು. ನಾನು ಅಡುಗೆಮನೆಯಲ್ಲಿ ಅಂಟಿಸಿಕೊಂಡು ಓದಿದ ಹಾಳೆಗಳನ್ನು ನಿನಗೆ ಕಳಿಸುತ್ತೇನೆ.

ಅರ್ಜಿಯ 710 ಡಾಲರ್ ಫೀಸನ್ನು ನೀನು ಲೈಬ್ರರಿ ಕೆಲಸದ ದುಡ್ಡಿನಲ್ಲೇ ಕಟ್ಟಿದೆ. ನಮ್ಮನ್ನು ಕೇಳಲಿಲ್ಲ. ಅಪ್ಪ ಅದನ್ನು ಎಷ್ಟು ಜನರಿಗೆ ಹೇಳಿದ್ದಾರೋ.

ಕೊನೆಗೆ "ನನಗೆ ಈ ಪೌರತ್ವ ಬೇಕೋ ಬೇಡವೋ ಅದೇ ಗೊತ್ತಿಲ್ಲ" ಎಂದೆ. ನಾನು ರೇಗಿದ್ದು ಅದಕ್ಕೇ. ರಾತ್ರಿಯೆಲ್ಲ ಯೋಚಿಸಿದೆ. ಬೇಡವಾದರೆ ಬೇಡ ಪುಟ್ಟಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಗ್ರೀನ್ ಕಾರ್ಡಿನಲ್ಲೇ ಇರುತ್ತೇನೆ ಎಂದರೆ ನಾನು ಅಡ್ಡ ಬರುವುದಿಲ್ಲ. ಆದರೆ ಯೋಚಿಸಿ ಬೇಡ ಎನ್ನು. ತಿಂಗಳ ಲೆಕ್ಕ ತಪ್ಪಿ, ಪತ್ರ ನೋಡದೆ ಕೈಬಿಟ್ಟುಹೋಯಿತು ಅನ್ನುವ ಹಾಗೆ ಮಾತ್ರ ಆಗಬಾರದು.

ಡಿಸೆಂಬರ್ ಪರೀಕ್ಷೆ ಮುಗಿಸಿ ಹೊರಡು. ಒಂದು ಸೆಮಿಸ್ಟರ್ ಬಿಡಬೇಕು ಎಂದಿದ್ದರೆ ಬಿಡು, ಅಪ್ಪನಿಗೆ ನಾನು ಹೇಳುತ್ತೇನೆ. ಮೇ ಮುಗಿಯುವುದರೊಳಗೆ ವಾಪಸ್ ಬಾ. ನನ್ನ ಕಾಗದಗಳು ಕೈಸೇರಿದ ವಾರವೇ ನಾನೂ ಬರುತ್ತೇನೆ, ಆಮೇಲೆ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ನನ್ನದು. ನಿನ್ನ ಆನ್‌ಲೈನ್ ಅಕೌಂಟನ್ನು ಮೈಸೂರಿನಿಂದಲೂ ದಿನವೂ ತೆಗೆದು ನೋಡು. ಇಂಟರ್‌ವ್ಯೂ ದಿನ ಗೊತ್ತಾದ ಕೂಡಲೇ ನನಗೆ ಹೇಳು, ಟಿಕೆಟ್ ಬದಲಾಯಿಸಲು ಬರುವಂಥದ್ದನ್ನೇ ತೆಗೆಯೋಣ. ನಿನ್ನ ಪಾಸ್‌ಪೋರ್ಟಿನ ಅವಧಿ ಎಂದಿನವರೆಗೆ ಇದೆ ಎಂದು ಇವತ್ತೇ ನೋಡಿ ಮೆಸೇಜ್ ಹಾಕು. ಅಪ್ಪ ಶನಿವಾರ ಟಿಕೆಟ್ ಬುಕ್ ಮಾಡುತ್ತಾರೆ.

ಅಮ್ಮ