ಪಾತ್ರ ಕಟ್ಟುವ ಹಾಳೆ ಕನ್ನಡದಲ್ಲೂ ಬರಲಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕನ್ನಡ ಮಕ್ಕಳು ರಜೆಯಲ್ಲಿ ನಾಲ್ಕೈದು ಮಂದಿ ಕೂತು ಆಡಬಹುದಾದ ಒಳ್ಳೆಯ ಆಟ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದಾದರೂ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರ ಕ್ರಮ ಹೊಸದೆನಿಸದು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಿಂದ ಪಾತ್ರ ಎದ್ದು ನಿಲ್ಲಬೇಕು. ಭಾಗವತರ ಜಾಗದಲ್ಲಿ ಕಥೆ ನಡೆಸುವ ಡಂಜನ್ ಮಾಸ್ಟರ್ ಇರುತ್ತಾರೆ. ಹೊಸಬರು ಹೆಚ್ಚಾಗಿ ಎಡವುವುದು ಕಥೆ ಶುರುವಾಗುವ ಮೊದಲೇ, ಪಾತ್ರ ಕಟ್ಟುವಾಗ. ಆ ಬಗ್ಗೆ ಈ ಪತ್ರ. ಲೆಕ್ಕವೆಲ್ಲ 2014ರ ಐದನೇ ಆವೃತ್ತಿಯದ್ದು.

ಪ್ರತಿ ಪಾತ್ರಕ್ಕೆ ಆರು ಗುಣ: ಬಲ, ಚುರುಕು, ಕಸುವು, ಬುದ್ಧಿ, ವಿವೇಕ, ವರ್ಚಸ್ಸು. ಕೈಯಲ್ಲಿರುವುದು 27 ಪಾಯಿಂಟ್. ಎಲ್ಲ ಗುಣವೂ 8ರಿಂದ ಶುರು. 13ರ ತನಕ ಒಂದೊಂದು ಮೆಟ್ಟಿಲಿಗೂ ಒಂದು ಪಾಯಿಂಟ್, ಅಂದರೆ 13ಕ್ಕೆ 5. ಅಲ್ಲಿಂದ ಮೇಲೆ ದುಬಾರಿ: 14ಕ್ಕೆ 7, 15ಕ್ಕೆ 9. ಅದಕ್ಕಿಂತ ಮೇಲೆ ಕೊಳ್ಳಲಾಗದು. ಪಾತ್ರ ಮಾಡಹೊರಟ ಕೆಲಸ ಆಯಿತೋ ಇಲ್ಲವೋ ಎಂದು ಹೇಳುವುದು 20 ಮುಖದ ದಾಳ, ಆದರೆ ಅದಕ್ಕೆ ಕೂಡುವುದು ಈ ಅಂಕಿಯನ್ನಲ್ಲ. ಅದರಿಂದ 10 ಕಳೆದು ಅರ್ಧ ಮಾಡಿ, ಕೆಳಗಿನ ಪೂರ್ಣಾಂಕ ಹಿಡಿಯಬೇಕು. ಹಾಗಾಗಿ 14ಕ್ಕೂ 15ಕ್ಕೂ ಸಿಗುವುದು ಒಂದೇ +2. ಬೆಸ ಅಂಕಿಯಲ್ಲಿ ನಿಂತರೆ ಪಾಯಿಂಟ್ ಸುಮ್ಮನೆ ಹೋಯಿತು.

ಮನುಷ್ಯ ಪಾತ್ರಕ್ಕೆ ಮಾತ್ರ ಇದು ತಿರುವುಮುರುವು, ಏಕೆಂದರೆ ಅವನಿಗೆ ಆರೂ ಗುಣಕ್ಕೆ ಒಂದೊಂದು ಹೆಚ್ಚುವರಿ ಸಿಗುತ್ತದೆ. ನಿಯಮದಲ್ಲೇ ಕೊಟ್ಟಿರುವ ಸಿದ್ಧ ಸಾಲು 15, 14, 13, 12, 10, 8. ಇದಕ್ಕೆ ಪೂರಾ 27 ಖರ್ಚು, ಮನುಷ್ಯನಾದಾಗ 16, 15, 14, 13, 11, 9 ಆಗುತ್ತದೆ. ಬದಲಿಗೆ 15, 13, 13, 11, 11, 9 ಕೊಂಡರೆ ಖರ್ಚು 26 ಮಾತ್ರ, ಕೊನೆಗೆ 16, 14, 14, 12, 12, 10. ದಾಳಕ್ಕೆ ಕೂಡುವ ಅಂಕ ನೋಡಿದರೆ ಮೊದಲ ನಾಲ್ಕು ಗುಣದಲ್ಲಿ ಎರಡೂ ಸಮ, ಉಳಿದ ಎರಡರಲ್ಲಿ ಈ ಸಾಲೇ ಮೇಲು. ಮಕ್ಕಳು ಈ ಲೆಕ್ಕವನ್ನು ತಾವೇ ಕಾಗದದಲ್ಲಿ ಮಾಡಿ ನೋಡಬೇಕು.

ಮಂತ್ರವಾದಿ, ಅಂದರೆ ವಿಜಾರ್ಡ್, ಕಟ್ಟುವವರು ಬುದ್ಧಿಗೆ ಎಲ್ಲವನ್ನೂ ಸುರಿದು ಕಸುವನ್ನು 8ಕ್ಕೆ ಬಿಡುತ್ತಾರೆ. ಮೊದಲ ಲೆವೆಲ್‌ನಲ್ಲಿ ವಿಜಾರ್ಡಿನ ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಶಕ್ತಿ, 6. ಅದಕ್ಕೆ ಮೇಲೆ ಹೇಳಿದ ಲೆಕ್ಕದಂತೆ ಕಸುವಿನ ಅಂಕ ಸೇರಬೇಕು. ಕಸುವು 8 ಆದರೆ ಆ ಅಂಕ -1, ಉಳಿಯುವುದು 5. ಗಾಬ್ಲಿನ್ ಎಂಬ ಚಿಲ್ಲರೆ ಶತ್ರುವಿನ ಒಂದು ಏಟಿನ ಸರಾಸರಿಯೇ 5. ಒಂದೇ ಏಟಿಗೆ ಪಾತ್ರ ನೆಲಕ್ಕೆ ಬಿದ್ದರೆ ಅದು ಚೇತರಿಸಿಕೊಳ್ಳುವ ತನಕ ಆ ಹುಡುಗ ಆಟದಲ್ಲಿ ಹೆಚ್ಚೇನೂ ಮಾಡಲಾಗದೆ ಕೂರಬೇಕಾಗುತ್ತದೆ, ಇದು ನಿಜಕ್ಕೂ ಬೇಸರದ ಸಂಗತಿ. ಕಸುವು 14 ಇದ್ದರೆ ಹಿಟ್ ಪಾಯಿಂಟ್ 8. ಇನ್ನೊಂದು ಲಾಭವೂ ಇದೆ. ಏಕಾಗ್ರತೆ ಬೇಡುವ ಮಂತ್ರ ಹಿಡಿದಿರುವಾಗ ಪೆಟ್ಟು ಬಿದ್ದರೆ 20 ಮುಖದ ದಾಳದಲ್ಲಿ ಕಸುವಿನ ಅಂಕ ಸೇರಿಸಿ ಕನಿಷ್ಠ 10 ಬರಬೇಕು. ಕಸುವು 8ಕ್ಕೆ ಮಂತ್ರ ಉಳಿಯುವ ಸಾಧ್ಯತೆ 100ಕ್ಕೆ 50, 14ಕ್ಕೆ 65.

ಫೈಟರ್, ಅಂದರೆ ಕಾದಾಳು, ಕಟ್ಟುವವರ ತಪ್ಪು ಬೇರೆ. ಸರಪಳಿ ಕವಚ ತೊಟ್ಟರೆ ರಕ್ಷಣೆ (ಏಟು ತಾಗಲು ಶತ್ರುವಿನ ದಾಳದ ಮೊತ್ತ ಮುಟ್ಟಬೇಕಾದ ಅಂಕಿ) 16, ಅದಕ್ಕೆ ಚುರುಕು ಸೇರುವುದೇ ಇಲ್ಲ. ಆ ಕವಚ ತೊಡುವವನು ಚುರುಕಿಗೆ 15 ಕೊಟ್ಟರೆ ರಕ್ಷಣೆಗೆ ಏನೂ ಬರಲಿಲ್ಲ. ಬಲ ಮಾತ್ರ 13ಕ್ಕಿಂತ ಕಡಿಮೆಯಾಗಬಾರದು, ಕಡಿಮೆಯಾದರೆ ನಡಿಗೆ 10 ಅಡಿ ಕುಗ್ಗುತ್ತದೆ. ಅಡಗಿ ಕೂರುವಾಗಲೂ ಆ ಕವಚ ತೊಡಕೇ.

ಐದನೇ ಲೆವೆಲ್‌ಗೆ ಮೊದಲು ಎರಡು ವರ್ಗ (ಫೈಟರ್, ವಿಜಾರ್ಡ್ ಮುಂತಾದ ಪಾತ್ರದ ಕಸುಬು) ಬೆರೆಸುವುದು ಎರಡು ದೋಣಿಯಲ್ಲಿ ಕಾಲಿಟ್ಟಂತೆ. ಮೂರು ಲೆವೆಲ್ ಫೈಟರ್, ಎರಡು ಲೆವೆಲ್ ವಿಜಾರ್ಡ್ ಆದವನಿಗೆ ಫೈಟರ್ ಐದರ ಎರಡನೇ ಏಟೂ ಇಲ್ಲ, ವಿಜಾರ್ಡ್ ಐದರ ಬೆಂಕಿಯುಂಡೆಯೂ ಇಲ್ಲ. ಒಂದೇ ವರ್ಗದಲ್ಲಿ ನಾಲ್ಕು ಲೆವೆಲ್ ಆದಾಗ ಗುಣ ಹೆಚ್ಚಿಸಿಕೊಳ್ಳುವ ಅವಕಾಶವೂ ತಪ್ಪಿತು.

ಇನ್ನು ಪಾತ್ರದ ಸ್ವಭಾವ. 'ಕೋಪಿಷ್ಠ' ಎಂದಷ್ಟೇ ಬರೆದರೆ ಆಟದಲ್ಲಿ ಉಪಯೋಗಕ್ಕೆ ಬಾರದು. 'ತಮ್ಮನನ್ನು ಯಾರಾದರೂ ಹೀಯಾಳಿಸಿದರೆ ಮಾತು ನಿಲ್ಲಿಸಿ ಕತ್ತಿ ಹಿರಿಯುತ್ತಾನೆ' ಎಂದು ಬರೆದರೆ ಡಂಜನ್ ಮಾಸ್ಟರಿಗೂ ಹಿಡಿ ಸಿಗುತ್ತದೆ, ಎದುರು ಕೂತವನಿಗೂ ಮಾತು ಹುಟ್ಟುತ್ತದೆ. ನಮ್ಮ ಅರ್ಥಧಾರಿಗಳ ವಾದವನ್ನು ಗಮನವಿಟ್ಟು ಕೇಳಿದ ಮಕ್ಕಳಿಗೆ ಇದನ್ನು ಹೆಚ್ಚು ಹೇಳಿಕೊಡಬೇಕಿಲ್ಲ.

20 ಮುಖದ ದಾಳ ಸಿಗದಿದ್ದರೆ 1ರಿಂದ 20ರವರೆಗೆ ಬರೆದ ಒಂದೇ ಅಳತೆಯ ಚೀಟಿಗಳನ್ನು ಡಬ್ಬಿಗೆ ಹಾಕಿ ಎತ್ತಬಹುದು. ಎತ್ತಿದ ಚೀಟಿಯನ್ನು ಪ್ರತಿ ಸಲವೂ ಮಡಚಿ ಒಳಗೆ ಹಾಕಿ ಕುಲುಕಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ಈ ಆಟದ ಮೂಲ ನಿಯಮಗಳ ಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಮೂಲವನ್ನು ನಮೂದಿಸಿದರೆ ಕನ್ನಡಕ್ಕೆ ತಂದು ಅಚ್ಚು ಹಾಕಲು ಅಡ್ಡಿಯಿಲ್ಲ. ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಒಂದು ಭಾನುವಾರ ಅರ್ಧ ಪುಟದ ಪಾತ್ರದ ಹಾಳೆಯನ್ನು ಕನ್ನಡದಲ್ಲಿ ಕೊಡಬೇಕೆಂದು ಕೋರಿಕೆ. ಆರು ಗುಣ, ರಕ್ಷಣೆ, ಆಯುಧ, ಸ್ವಭಾವಕ್ಕೆ ಮೂರು ಸಾಲು, ಇಷ್ಟಿದ್ದರೆ ಸಾಕು. ಹಿಟ್ ಪಾಯಿಂಟಿನ ಚೌಕ ಮಾತ್ರ ದೊಡ್ಡದಾಗಿರಲಿ, ಪೆನ್ಸಿಲಿನಲ್ಲಿ ಬರೆದು ಅಳಿಸುವುದು ಅಲ್ಲೇ ಹೆಚ್ಚು.

ಇಂತಿ,
ಓರ್ವ ಓದುಗ, ಬದಿಯಡ್ಕ