ಅವ್ವಾ, ಓಣ್ಯಾಗ ಕೇಳಿದ್ರ ಹಿಂಗ ಹೇಳು

ಲಿಮರಿಕ್, ಐರ್ಲೆಂಡ್
ನವೆಂಬರ್, ರವಿವಾರ ರಾತ್ರಿ

ತೀರ್ಥರೂಪ ಅಪ್ಪ, ಅವ್ವ, ಮುತ್ಯಾ, ಆಯಿ ಎಲ್ಲರಿಗೂ ನಿಮ್ಮ ಮಗಳ ಶರಣು ಶರಣಾರ್ಥಿ.

ನಾ ಆರಾಮ ಇದ್ದೀನಿ. ಥಂಡಿ ಅದ, ಆದ್ರ ಥಂಡಿಗಿಂತ ಮಳಿ ಸಾಕಾಗ್ಯಾದ. ನಮ್ಮಲ್ಲಿ ಹಂಗ ಒಮ್ಮೆ ಧೋ ಅಂತ ಸುರಿದು ಹೋಗೂದಲ್ಲ, ಮುಂಜಾನಿಂದ ಸಂಜಿ ತನಕ ಜಿಟಿಜಿಟಿ. ಐದಕ್ಕ ಕತ್ತಲ ಆಗಿರ್ತದ. ಯೂನಿವರ್ಸಿಟಿ ನಡುವ ಶಾನನ್ ನದಿ ಹರೀತದ, ನಾ ದಿನಾ ಸೇತುವಿ ಮ್ಯಾಲ ನಡಕೊಂಡು ದಾಟ್ತೀನಿ. ಈಚಿ ದಂಡಿ ಒಂದು ಜಿಲ್ಲಾ, ಆಚಿ ದಂಡಿ ಇನ್ನೊಂದು ಜಿಲ್ಲಾ. ಛತ್ರಿ ಎರಡು ಮುರದಾವ, ಮೂರನೇದು ತಗೊಂಡಿಲ್ಲ.

ದಿನಾ ಫೋನ್ ಮಾಡಾಕಿ ಕಾಗದ ಯಾಕ ಬರದಾಳ ಅಂತ ಕೇಳ್ಬ್ಯಾಡ್ರಿ. ಅವ್ವಾ, ಹೋದ ವಾರ ನೀ ಒಂದು ಮಾತು ಕೇಳಿದಿ. "ಓಣ್ಯಾಗ ಮಂದಿ ಕೇಳ್ತಾರ, ನಿಮ್ಮ ಮಗಳು ಡಾಕ್ಟರೂ ಅಲ್ಲ, ಎಂಜಿನಿಯರೂ ಅಲ್ಲ, ಅಷ್ಟು ದೂರ ಹೋಗಿ ಏನ್ ಕಲೀಲಾಕತ್ತಾಳ ಅಂತ. ಏನ್ ಹೇಳ್ಲಿ?" ಫಾರ್ಮಾಸ್ಯುಟಿಕಲ್ ಅಂಡ್ ಇಂಡಸ್ಟ್ರಿಯಲ್ ಕೆಮಿಸ್ಟ್ರಿ ಅಂತ ಹೇಳು ಅಂದೆ. ನೀ "ಹೂಂ" ಅಂದಿ. ಆ ಹೂಂ ನನಗ ಎರಡು ದಿನ ನಿದ್ದಿ ಕೊಡಲಿಲ್ಲ. ಇನ್ನೊಂದು ಮಾತೂ ಅದ, ಅದು ಫೋನಿನ್ಯಾಗ ಬಾಯಿಗೆ ಬರಲಿಲ್ಲ. ಅದು ಆಮ್ಯಾಲ.

ಮೊದಲನೇ ವರ್ಷ ಲ್ಯಾಬಿನ್ಯಾಗ ಪ್ಯಾರಾಸಿಟಮಾಲ್ ಮಾಡಿದ್ವಿ. ಹೌದು, ಜ್ವರ ಬಂದ್ರ ಅಪ್ಪ ಚಹಾದ ಜೋಡಿ ನುಂಗೂ ಅದೇ ಗುಳಿಗಿ. ಅಮಿನೋಫಿನಾಲ್ ಅಂತ ಒಂದು ಪುಡಿ, ಅದಕ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಕಾಸೂದು. ಅದರ ವಾಸನಿ ಅಂದ್ರ, ಉಪ್ಪಿನಕಾಯಿ ಭರಣಿ ಕೆಟ್ಟು ಹುಳಿ ಆದಾಗ ಮುಚ್ಚಳ ತೆಗದ್ರ ಮೂಗಿಗೆ ಹೊಡೀತದಲ್ಲ, ಅದರ ಹತ್ತು ಪಟ್ಟು. ನನ್ನ ಪುಡಿ ಗುಲಾಬಿ ಬಣ್ಣ ಬಂತು. ಚಂದ ಕಾಣ್ತದ ಅಂತ ಖುಷಿ ಆದೆ. ಅದು ಹೊಲಸಿನ ಬಣ್ಣ ಅಂದ್ರು. ಬಿಸಿನೀರಿನ್ಯಾಗ ಕರಗಿಸಿ, ನಿಧಾನ ಆರಿಸಿ, ಹರಳು ಕಟ್ಟಿಸಿ ಸೋಸಿದ ಮ್ಯಾಲ ಬೆಳ್ಳಗ ಆತು. ಕರಗೂ ಶಾಖ ನೋಡಿದ್ರ 169 ಡಿಗ್ರಿ, ಅಂದ್ರ ಶುದ್ಧ ಅದ. ಔಷಧಿ ಕೂಡಿಸೂದು ಅರ್ಧ ಕೆಲಸ, ಅದನ್ನ ಹದಕ್ಕ ಹರಳು ಮಾಡೂದು ಉಳಿದರ್ಧ. ನಾ ಬಿದ್ದಿದ್ದು ಆ ಉಳಿದರ್ಧದಾಗ.

ಮುತ್ಯಾ, ಇದು ನಿನಗ ಎಲ್ಲರಕಿಂತ ಲಗೂನ ತಿಳೀತದ. ಆಳಂದ ಕಡಿ ಹೊಲದಾಗ ಗಾಣ ಹಾಕಿದಾಗ ಕೊಪ್ಪರಿಗಿ ಮುಂದ ಕುಂತು, ತಣ್ಣೀರಿನ ತಾಟಿನ್ಯಾಗ ಒಂದು ಹನಿ ಪಾಕ ಬಿಟ್ಟು, ಬೆರಳಿಲೆ ಉಂಡಿ ಕಟ್ಟಿ "ಇನ್ನಾ ಹದ ಬಂದಿಲ್ಲ" ಅಂತಿದ್ದಿ. ಒಂದು ವರ್ಷ ಕಡಿದ ಕಬ್ಬು ಬಂಡಿ ಸಿಗಲಾರದಕ ಬಿಸಲಾಗ ಬಿದ್ದು, ಬೆಲ್ಲ ಗಟ್ಟಿ ಆಗ್ಲೇ ಇಲ್ಲ, ಅಂಟಂಟು ಉಳೀತು. ಸುಣ್ಣ ಕಡಿಮಿ ಬಿತ್ತು ಅಂತ ನೀ ಆಳುಗಳಿಗೆ ಬೈದಿ. ಮುತ್ಯಾ, ಬ್ಯಾಸರ ಮಾಡ್ಕೋಬ್ಯಾಡ, ಅದು ಅರ್ಧ ಅಷ್ಟೇ ಖರೇ. ಬಿಸಲಾಗ ಬಿದ್ದಾಗಲೇ ಕಬ್ಬಿನ್ಯಾಗಿನ ಸಕ್ಕರಿ ಒಡದು ಎರಡು ಬ್ಯಾರೆ ಸಕ್ಕರಿ ಆಗಿತ್ತು. ಅವೆರಡೂ ಹರಳು ಕಟ್ಟಲಾಕ ಅಡ್ಡ ಬರ್ತಾವ. ಸುಣ್ಣ ರಸದ ಹುಳಿ ಮುರೀತದ, ಮುಂದ ಒಡೀಲಾರದಂಗ ತಡೀತದ, ಆದ್ರ ಒಡದಿದ್ದು ತಿರುಗಿ ಕೂಡಿಸೂದಿಲ್ಲ. ಆ ಆಳುಗಳಿಗೆ ನನ್ನ ಕಡಿಂದ ಮಾಫಿ ಕೇಳು.

ನಾನೂ ಇಲ್ಲಿ ಒಂದು ನಮೂನಿ ಕೊಪ್ಪರಿಗಿ ಕಾಯ್ತೀನಿ. ಒಂದು ಲೀಟರಿನ ಗಾಜಿನ ಪಾತ್ರಿ, ಒಳಗ ಔಷಧಿ ಕರಗಿಸಿದ ನೀರು. ಸುತ್ತ ಇನ್ನೊಂದು ಗಾಜಿನ ಗೋಡಿ, ನಡುವ ಬ್ಯಾರೆ ನೀರು ತಿರುಗ್ತದ. ಒಳಗಿನ ಶಾಖ 60 ಡಿಗ್ರಿಯಿಂದ 20ಕ್ಕ ಇಳಸಬೇಕು, ನಿಮಿಷಕ್ಕ 0.2 ಡಿಗ್ರಿ. ಮೂರು ತಾಸು ಇಪ್ಪತ್ತು ನಿಮಿಷ. ಗಡಬಡಿ ಮಾಡಿ ಒಮ್ಮೆಲೆ ತಣ್ಣಗ ಮಾಡಿದ್ರ ಹಿಟ್ಟಿನಂಥ ಹರಳು ಬೀಳ್ತಾವ, ಸೋಸೂ ಕಾಗದ ಕಟ್ಟಿಕೊಂಡು ನಿಂತುಬಿಡ್ತದ. ತಣ್ಣಗಾಗೂ ಮುಂದ ಒಂದು ಗಳಿಗಿ ಬರ್ತದ. ನೀರು ತಿಳಿ ಇರ್ತದ, ಒಳಗ ಮಾತ್ರ ಹಿಡಿಸಲಾರದಷ್ಟು ಔಷಧಿ ಕರಗಿರ್ತದ. ಆಗ ಒಂದು ಚಿಟಿಕಿ ಹಳೇ ಹರಳು ಬೀಜದಂಗ ಹಾಕಬೇಕು. ಹಾಕಿದ ಮ್ಯಾಲ ನೋಡಬೇಕು ಅವ್ವಾ, ಬೆಳಕಿಗೆ ಹಿಡಿದ್ರ ಪಾತ್ರಿ ತುಂಬ ಚಮಕ್ ಚಮಕ್ ಅಂತ ಹೊಳೀತದ.

ಹೋದ ತಿಂಗಳು ಅಷ್ಟೂ ಮಾಡಿ, ಚಂದ ಹರಳು ಬಂದಾವ ಅಂತ ಕುಣಕೋತ ಮೇಡಂ ಹತ್ರ ಹೋದೆ. ಅವರು ಹರಳು ನೋಡಲಿಲ್ಲ, ನನ್ನ ವಹಿ ನೋಡಿದ್ರು. ಬೀಜ ಎಷ್ಟು ಗಂಟೆಕ್ಕ ಹಾಕಿದಿ ಅಂದ್ರು. ಸುಮಾರು ಹನ್ನೊಂದೂವರಿ ಅಂದೆ. "ಬರದಿಲ್ಲ ಅಂದ್ರ ಆಗಿಲ್ಲ" ಅಂದು ವಹಿ ಮುಚ್ಚಿ ಕೈಗೆ ಕೊಟ್ಟರು. ಇಡೀ ದಿನದ ಕೆಲಸ ಹಳ್ಳಕ್ಕ ಬಿತ್ತು. ಪಾಯಖಾನಿಗೆ ಹೋಗಿ ಅತ್ತೆ, ಸುಳ್ಳು ಯಾಕ ಹೇಳ್ಲಿ. ಅಪ್ಪ, ಆಗ ನೀವು ನೆನಪಾದ್ರಿ. ದಾಲ್ ಮಿಲ್ಲಿನ ಖಾತಾದಾಗ ತಪ್ಪು ಅಂಕಿ ಬಿದ್ರ ನೀವು ಎಂದೂ ಗೀಚಿ ಮುಚ್ಚಿದ್ದು ನಾ ನೋಡಿಲ್ಲ, ಒಂದೇ ಗೆರಿ ಎಳದು ಮಗ್ಗಲಾಗ ಸಹಿ ಹಾಕ್ತಿದ್ರಿ. ಇಲ್ಲಿ ಔಷಧಿ ಕಾರ್ಖಾನಿಗಳದೂ ಅದೇ ಕಾಯ್ದಾ: ಒಂದು ಗೆರಿ, ಸಹಿ, ತಾರೀಖು, ಕೆಳಗಿನ ಅಂಕಿ ಓದ್ಲಾಕ ಬರಬೇಕು. ಮೂರು ವರ್ಷ ಫೀ ಕಟ್ಟಿ ಕಲಿತಿದ್ದು ನಮ್ಮ ಮನ್ಯಾಗೇ ಇತ್ತು.

ಇಷ್ಟು ಕಟ್ಟುನಿಟ್ಟು ಯಾಕ ಅಂದ್ರ, ಹರಳು ಬದಲಾದ್ರ ಔಷಧಿ ಬದಲಾಗ್ತದ. ರಿಟೊನಾವಿರ್ ಅಂತ ಏಡ್ಸ್ ರೋಗಿಗಳ ಔಷಧಿ, 1996ರಾಗ ಪೇಟಿಗೆ ಬಂದಿತ್ತು. 1998ರಾಗ ನೋಡ್ತಾರ, ಕ್ಯಾಪ್ಸೂಲಿನ್ಯಾಗಿನದು ಮೊದಲಿನಂಗ ಕರಗ್ವಲ್ದು. ಅಣು ಅದೇ, ಅದರಾಗ ಕಲಬೆರಕಿ ಏನೂ ಇಲ್ಲ. ಅಣುಗಳು ಸಾಲು ಹಿಡಿದು ಕೂಡೂ ರೀತಿ ಬ್ಯಾರೆ ಆಗಿತ್ತು, ಅಷ್ಟೇ. ಕ್ಯಾಪ್ಸೂಲು ಪೇಟಿಯಿಂದ ತಿರುಗಿ ತಗೊಂಡ್ರು. ಆ ಹೊಸ ಹರಳಿನ ಕಣ ಒಮ್ಮೆ ಹೊಕ್ಕ ಕಡಿ ಹಳೇ ಹರಳು ಮಾಡೂದೇ ಕಠಿಣ ಆತಂತ. ಇದನ್ನ ಕ್ಲಾಸಿನ್ಯಾಗ ಕೇಳಿದ ದಿನ ನಾ ರೂಮಿಗೆ ಬಂದು ಗುಳಿಗಿ ಡಬ್ಬಿ ಬೆಳಕಿಗೆ ಹಿಡಿದು ನೋಡಿದೆ. ಏನ್ ಕಾಣ್ತದ, ಹುಚ್ಚಿ.

ಹರಳಿನೊಳಗ ಅಣು ಹ್ಯಾಂಗ ಕುಂತಾವ ಅಂತ ಎಕ್ಸ್‌ರೇ ಹಾಯಿಸಿ ನೋಡ್ತಾರ. ನಾವು ಕೆಲಸ ಮಾಡೂ ಸಂಸ್ಥೆಕ್ಕ ಈ ಕೆಲಸದಾಗ ಹೆಸರಾದ ವಿಜ್ಞಾನಿ ಬರ್ನಾಲ್ ಅವರ ಹೆಸರಿಟ್ಟಾರ. ಅವರು 1901ರಾಗ ಇಲ್ಲೇ ಹತ್ರದ ನೀನಾ ಅನ್ನೂ ಊರಾಗ ಹುಟ್ಟಿದವರು. ಅವರ ಕೈಯಾಗ ಪಳಗಿದಾಕಿ ಡೊರೊಥಿ ಹಾಡ್ಜ್‌ಕಿನ್, 1964ರಾಗ ನೊಬೆಲ್ ತಗೊಂಡಾಕಿ. ಆಯಿ, ನೀ ದಿನಾ ಹೊಟ್ಟಿಗೆ ಚುಚ್ಚಿಕೊಂತೀಯಲ್ಲ ಇನ್ಸುಲಿನ್, ಅದರ ಹರಳಿನ ಎಕ್ಸ್‌ರೇ ಫೋಟೋ ಆಕಿ ಮೊದಲು ತೆಗದಿದ್ದು 1935ರಾಗ. ಒಳಗಿನ ಜೋಡಣಿ ಬಿಡಿಸಿದ್ದು 1969ರಾಗ. ಮೂವತ್ನಾಕು ವರ್ಷ. ಆಕಿ ಕೈಯಿನ ಕೀಲು ಸೊಟ್ಟಾಗಿದ್ವು, ಆದ್ರೂ ಬಿಡಲಿಲ್ಲ. ನಿನ್ನ ಮೊಣಕಾಲು ನೋವಿನ ನೆವ ನಾ ಇನ್ನ ಕೇಳೂದಿಲ್ಲ ನೋಡು.

ಹಂಗಂತ ಓಣ್ಯಾಗ ಕೇಳಿದ್ರ ಇಷ್ಟೆಲ್ಲ ಹೇಳ್ಬ್ಯಾಡ. ಗುಳಿಗಿ ಹದ ಬಂದದೋ ಇಲ್ಲೋ ನೋಡೂ ಕೆಲಸ ಕಲೀಲಾಕತ್ತಾಳ ಅಂತ ಹೇಳು, ಸಾಕು.

ಈಗ ಇನ್ನೊಂದು ಮಾತು. ನಮ್ಮ ಕೋರ್ಸಿನ್ಯಾಗ ಎಂಟು ತಿಂಗಳು ಕಾರ್ಖಾನ್ಯಾಗ ಕೆಲಸ ಮಾಡಬೇಕು. ನನಗ ಕಾರ್ಕ್ ಅನ್ನೂ ಊರಿನ ಹತ್ರ ಒಂದು ಔಷಧಿ ಕಾರ್ಖಾನ್ಯಾಗ ಸಿಕ್ಕದ, ಜನವರಿಯಿಂದ ಆಗಸ್ಟ್ ತನಕ. ತಿಂಗಳಾ ಪಗಾರ ಕೊಡ್ತಾರ, ಬ್ಯಾಂಕಿನ ಬಡ್ಡಿ ನಾನೇ ಕಟ್ತೀನಿ ಅಪ್ಪ. ಒಂದು ಔಷಧಿ ಮಾಡಿದ ಪಾತ್ರಿ ತೊಳದು ಇನ್ನೊಂದು ಹಾಕೂ ಮೊದಲು, ಬಟ್ಟಿ ತುಣುಕಿಲೆ ಒರಸಿ ಹಿಂದಿನ ಔಷಧಿ ಉಳದದೇನು ಅಂತ ಯಂತ್ರಕ್ಕ ಹಾಕಿ ನೋಡೂದು, ಮೊದಲಿಗೆ ಅದೇ ಕೆಲಸ. ಅವ್ವಾ, ನಗಬ್ಯಾಡ. ಹೌದು, ಮನ್ಯಾಗ ಒಂದು ಪಾತ್ರಿ ತೊಳೀಲಾರದಾಕಿ ಅಲ್ಲಿ ಹೋಗಿ ಪಾತ್ರಿ ಸ್ವಚ್ಛ ಅದನೋ ಇಲ್ಲೋ ನೋಡ್ತೀನಿ.

ಅಂದ್ರ ಈ ಸಲ ಶರಣಬಸಪ್ಪನ ಜಾತ್ರಿಗೆ ಬರೂದಾಗೂದಿಲ್ಲ. ಹೋಳಿ ಹುಣ್ಣಿಮಿಗೆ ಬರ್ತೀನಿ ಅಂತ ನಾನೇ ಹೇಳಿದ್ದೆ, ನೀ ಆಗಲೇ ನನ್ನ ಸೀರಿಗೆ ಕುಪ್ಪಸ ಹೊಲಿಲಾಕ ಕೊಟ್ಟೀದಿ ಅಂತ ತಮ್ಮ ಹೇಳಿದ. ಹೊಲಿಸಿ ಇಡು. ಅಳತಿಗೆ ಒಂದು ಬೆರಳು ಕಡಿಮಿ ಹಿಡಿ ಅಂತ ಹೇಳು, ಇಲ್ಲಿ ಬ್ಯಾಳಿ ಬೇಯೂದಿಲ್ಲ, ನಾ ಊಟ ಮಾಡೂದೂ ಅಷ್ಟಕ್ಕಷ್ಟೇ. ಅಂಗಡ್ಯಾಗ ಸಿಗೂ ತೊಗರಿ ಬ್ಯಾಳಿ ಎಲ್ಲಿದೋ ಏನೋ, ಆರು ಸೀಟಿ ಹೊಡಸಿದ್ರೂ ಕಲ್ಲು. ತೇರು ಎಳಿಯೂ ದಿನ ತಮ್ಮಗ ವಿಡಿಯೋ ಹಚ್ಚಲಾಕ ಹೇಳು. ನನ್ನ ಹೆಸರಲೆ ತೇರಿಗೆ ಒಂದು ಬಾಳೆಹಣ್ಣು ಒಗಿ.

ಪಾರ್ಸಲ್ ಕಳಸೂದಿದ್ರ ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಎರಡು ಸೇರು ನಮ್ಮ ಬ್ಯಾಳಿ. ತುಪ್ಪ, ಪೇಢಾ ಹಾಕಬ್ಯಾಡ, ಹಾಲಿನ ಪದಾರ್ಥ ಇಲ್ಲಿ ಒಳಗ ಬಿಡೂದಿಲ್ಲ.

ಆಯಿಯ ಇನ್ಸುಲಿನ್ ಫ್ರಿಜ್ಜಿನ ಬರ್ಫಿನ ಖಾನಿಗೆ ಹತ್ತಿ ಇಟ್ಟಿದ್ದು ವಿಡಿಯೋದಾಗ ನೋಡಿದೆ. ಕೆಳಗಿನ ಖಾನ್ಯಾಗ ಇಡ್ರಿ, ಹೆಪ್ಪುಗಟ್ಟಿದ್ದು ಹಾಕಬ್ಯಾಡ್ರಿ, ತಿಳಿ ಕಂಡ್ರೂ ಕೆಟ್ಟಿರ್ತದ. ಬ್ಯಾಸಿಗ್ಯಾಗ ಕರೆಂಟ್ ಹೋದ ದಿನ ಹಸಿ ಅರಿವಿ ಸುತ್ತಿದ ಮಣ್ಣಿನ ಗಡಿಗ್ಯಾಗ ಇಟ್ರ ಆತು. ಗಡಿಗಿ ಈಗೇ ತಂದಿಡ್ರಿ.

ನಿಮ್ಮ ಮಗಳು