ಅಂಗಳದ ಬೇವಿಗೆ ಕೊಡಲಿ ಹಾಕಿಸುವ ಮೊದಲು

ಗ್ಲಾಸ್ಟರ್‌ಶೈರ್, ಇಂಗ್ಲೆಂಡ್
ಡಿಸೆಂಬರ್ ಮೊದಲ ವಾರ

ತೀರ್ಥರೂಪ ಅಪ್ಪಾಜಿಯವರಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅವ್ವನಿಗೂ ಕಾಕಾ, ಕಾಕುವಿಗೂ ನನ್ನ ನಮಸ್ಕಾರ ತಿಳಿಸಿರಿ.

ಅಂಗಳದ ಬೇವಿನ ಗಿಡದ ತುದಿಗಳೆಲ್ಲ ಒಣಗಿವೆಯೆಂದೂ, ಅದು ಸತ್ತಂತೆಯೇ ಆದ್ದರಿಂದ ಮನೆಯ ಮೇಲೆ ಬೀಳುವ ಮೊದಲೇ ಬುಡಸಮೇತ ಕಡಿಸಿಬಿಡಬೇಕೆಂದು ಕಾಕಾ ಹೇಳುತ್ತಿರುವರೆಂದೂ ನೀವು ಫೋನಿನಲ್ಲಿ ತಿಳಿಸಿದಿರಿ. ಅಷ್ಟು ಹೊತ್ತಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಲಾಗಲಿಲ್ಲ. ಆದ್ದರಿಂದ ಈ ಪತ್ರ. ಕಾಕಾನಿಗೂ ಇದನ್ನು ಓದಿ ಹೇಳಿರಿ. ನನ್ನ ವಿನಂತಿ ಇಷ್ಟೆ: ಬುಡ ಗಟ್ಟಿಯಾಗಿದ್ದರೆ ಯುಗಾದಿಯವರೆಗೆ ಆ ಗಿಡಕ್ಕೆ ಕೊಡಲಿ ಹಾಕಿಸಬೇಡಿರಿ. ಸಾಯುತ್ತಿರುವ ಮರಗಳನ್ನು ನೋಡಿ, ಏರಿ, ಕಡಿಯುವುದೇ ನನ್ನ ದಿನನಿತ್ಯದ ಉದ್ಯೋಗವಾಗಿರುವುದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಇಲ್ಲಿ ಆ್ಯಶ್ ಎಂಬ ಮರ ಎಲ್ಲೆಲ್ಲೂ ಇದೆ. ಬೇಸಿಗೆಯಲ್ಲಿ ಅದರ ಎಲೆ ಮೊದಲ ನೋಟಕ್ಕೆ ನಮ್ಮ ಬೇವಿನ ಎಲೆಯೆಂದೇ ತೋರುತ್ತದೆ. ಒಂದೇ ದಂಟಿನ ಎರಡೂ ಬದಿಗೆ ಹಲ್ಲುಹಲ್ಲಾದ ಅಂಚಿನ ಎಸಳುಗಳಿರುತ್ತವೆ. ಆದರೆ ಬೇವಿನ ದಂಟುಗಳು ಟೊಂಗೆಯಿಂದ ಒಂದೊಂದಾಗಿ ಹೊರಟರೆ, ಆ್ಯಶ್‌ನವು ಎದುರುಬದುರಾಗಿ ಜೋಡಿಜೋಡಿಯಾಗಿ ಹೊರಡುತ್ತವೆ. ಈಗಿನ ಚಳಿಗಾಲದಲ್ಲಿ ಇಲ್ಲಿಯ ಹೆಚ್ಚಿನ ಮರಗಳಲ್ಲಿ ಒಂದು ಎಲೆಯೂ ಉಳಿದಿಲ್ಲವಾದ್ದರಿಂದ ಚಿಗುರುಮೊಗ್ಗು ಮತ್ತು ತೊಗಟೆಯಿಂದಲೇ ಜಾತಿಯನ್ನು ಗುರುತಿಸಬೇಕಾಗುತ್ತದೆ. ಮಸಿಯಷ್ಟು ಕಪ್ಪಾದ ಮೊಗ್ಗುಗಳು ಬೂದು ಟೊಂಗೆಯ ಮೇಲೆ ಜೋಡಿಯಾಗಿದ್ದರೆ ಅದು ಆ್ಯಶ್. ಉದ್ದನೆಯ, ಚೂಪಾದ ಕಂದು ಮೊಗ್ಗೂ ನುಣುಪಾದ ಬೂದು ತೊಗಟೆಯೂ ಇದ್ದರೆ ಬೀಚ್. ಟೊಂಗೆಯ ತುದಿಯಲ್ಲಿ ಮೊಗ್ಗುಗಳು ಗೊಂಚಲಾಗಿ ಕೂಡಿದ್ದರೆ ಓಕ್. ಅಂಟಂಟಾದ ದಪ್ಪ ಮೊಗ್ಗಿನ ಕೆಳಗೆ, ಹಳೆಯ ಎಲೆ ಉದುರಿದ ಜಾಗದಲ್ಲಿ ಕುದುರೆಯ ಲಾಳದ ಆಕಾರದ ಕಲೆಯಿದ್ದರೆ ಹಾರ್ಸ್ ಚೆಸ್ಟ್‌ನಟ್.

ಏರುವವರಿಗೆ ಈ ತಿಳಿವಳಿಕೆ ಪ್ರಾಣದ ಪ್ರಶ್ನೆ. ಚಿಕ್ಕಂದಿನಲ್ಲಿ ಅಜ್ಜ ನಮ್ಮನ್ನು ನುಗ್ಗೆಯ ಗಿಡ ಹತ್ತಲು ಎಂದೂ ಬಿಡುತ್ತಿರಲಿಲ್ಲ, ಹುಣಸೆಯ ಗಿಡಕ್ಕೆ ಮಾತ್ರ ತಡೆಯಿರಲಿಲ್ಲ. ಯಾವ ಜಾತಿಯ ಟೊಂಗೆ ಬಾಗುತ್ತದೆ, ಯಾವುದು ಸೂಚನೆಯಿಲ್ಲದೆ ಮುರಿಯುತ್ತದೆ ಎಂಬುದನ್ನು ಅವರು ಯಾವ ತರಬೇತಿಯೂ ಇಲ್ಲದೆ ಅರಿತಿದ್ದರು. ಆರೋಗ್ಯವಂತ ಆ್ಯಶ್ ಬಹಳ ನಂಬಿಕೆಯ ಮರ. ಕೊಡಲಿ, ಸುತ್ತಿಗೆಗಳ ಹಿಡಿಯನ್ನು ಇಲ್ಲಿಯವರು ಅದರಿಂದಲೇ ಮಾಡುತ್ತಿದ್ದರು. ಈಗ ಅದಕ್ಕೆ ಪೂರ್ವ ಏಷ್ಯಾದಿಂದ ಬಂದ ಶಿಲೀಂಧ್ರವೊಂದು ತಗುಲಿದೆ. ತನ್ನ ಮೂಲ ನೆಲೆಯ ಆ್ಯಶ್ ಜಾತಿಗಳಿಗೆ ಅದು ಹೆಚ್ಚಿನ ಕೇಡು ಮಾಡುವುದಿಲ್ಲ. ಇಲ್ಲಿಯ ಮರಕ್ಕೆ ಅದನ್ನು ತಡೆಯುವ ಶಕ್ತಿ ಬಹಳ ಕಡಿಮೆ. 1990ರ ದಶಕದ ಆರಂಭದಲ್ಲಿ ಪೋಲೆಂಡಿನಲ್ಲಿ ಕಾಣಿಸಿಕೊಂಡ ಈ ರೋಗ ಬ್ರಿಟನ್ನಿನಲ್ಲಿ ಪತ್ತೆಯಾದದ್ದು 2012ರಲ್ಲಿ. ಕಳೆದ ವರ್ಷ ಉದುರಿದ ಎಲೆಯ ದಂಟಿನ ಮೇಲೆ ಬೇಸಿಗೆಯಲ್ಲಿ ಸಣ್ಣ ಬಿಳಿ ಅಣಬೆಗಳು ಎದ್ದು, ಅವುಗಳ ಬೀಜಕಣಗಳು ಗಾಳಿಯಲ್ಲಿ ಹಾರಿ ಹೊಸ ಎಲೆಗಳಿಗೆ ಅಂಟುತ್ತವೆ. ಅಲ್ಲಿಂದ ರೋಗ ಟೊಂಗೆಗೆ ಇಳಿಯುತ್ತದೆ. ರೋಗ ಬಲಿತ ಮರದ ಕಟ್ಟಿಗೆ ಎಷ್ಟು ಪೆಡಸಾಗುತ್ತದೆಂದರೆ ತೋಳಿನ ಗಾತ್ರದ ಟೊಂಗೆಯೂ ಖಡಕ್ ರೊಟ್ಟಿಯಂತೆ ಲಟಕ್ಕನೆ ಮುರಿಯುತ್ತದೆ. ಅಂಥ ಮರವನ್ನು ನಾವು ಹಗ್ಗದ ಮೇಲೆ ಏರುವುದಿಲ್ಲ. ಯಂತ್ರದ ತೊಟ್ಟಿಲಿನಲ್ಲಿ ನಿಂತು, ಮರಕ್ಕೆ ನಮ್ಮ ಭಾರ ಹಾಕದೆ ಮೇಲಿಂದ ತುಂಡು ತುಂಡಾಗಿ ಇಳಿಸುತ್ತೇವೆ.

ಗಟ್ಟಿಯಾದ ಮರವನ್ನು ಏರುವ ಬಗೆಯನ್ನು ಅವ್ವ ಪ್ರತಿಸಲವೂ ಕೇಳುತ್ತಾಳೆ. ಸಣ್ಣ ದಾರಕ್ಕೆ ಭಾರದ ಚೀಲ ಕಟ್ಟಿ ಆರಿಸಿದ ಕವಲಿನ ಮೇಲಿಂದ ಎಸೆದು, ಅದರ ಹಿಂದೆ ಏರುವ ಹಗ್ಗವನ್ನು ಎಳೆದುಕೊಳ್ಳುತ್ತೇವೆ. ನೆಲದ ಮೇಲಿರುವಾಗಲೇ ಇಬ್ಬರು ಜೋತುಬಿದ್ದು ಆ ಕವಲನ್ನು ಪರೀಕ್ಷಿಸುತ್ತೇವೆ. ಸೊಂಟದ ಪಟ್ಟಿಗೂ ಹಗ್ಗಕ್ಕೂ ನಡುವೆ ಇರುವ ಸುತ್ತುಗಂಟು ನನ್ನ ಭಾರ ಬಿದ್ದೊಡನೆ ಹಗ್ಗವನ್ನು ಬಿಗಿಯಾಗಿ ಕಚ್ಚುತ್ತದೆ, ಭಾರ ತೆಗೆದು ಕೈಯಿಂದ ಸರಿಸಿದರೆ ಸಲೀಸಾಗಿ ಜಾರುತ್ತದೆ. ಗರಗಸ ಹಿಡಿದಾಗ ಎರಡನೆಯ ಹಗ್ಗವೂ ಮರಕ್ಕೆ ಬಿಗಿದಿರಲೇಬೇಕು. ಒಂದು ಕಡಿದುಹೋದರೂ ಇನ್ನೊಂದು ಹಿಡಿಯುತ್ತದೆ. ಕಾಲಿಗೆ ಕಬ್ಬಿಣದ ಮೊಳೆ ಕಟ್ಟಿಕೊಳ್ಳುವುದು ಪೂರ್ತಿ ಕಡಿಯುವ ಮರಕ್ಕೆ ಮಾತ್ರ, ಏಕೆಂದರೆ ಬದುಕಬೇಕಾದ ಮರಕ್ಕೆ ಪ್ರತಿ ಮೊಳೆಯೂ ಒಂದು ಗಾಯ.

ಇನ್ನು ನಮ್ಮ ಗಿಡದ ಮಾತು. ನೀವು ಹೇಳಿದ ಲಕ್ಷಣಗಳು, ಅಂದರೆ ಮಳೆಗಾಲದ ಕೊನೆಗೆ ಆರಂಭವಾಗಿ ಇಡೀ ಗಿಡದ ತುದಿಗಳಷ್ಟೇ ಕಂದುಬಣ್ಣಕ್ಕೆ ತಿರುಗಿ ಸುಟ್ಟಂತೆ ಕಾಣುವುದು, ಬೇವಿನ ತುದಿ ಒಣಗುವ ರೋಗಕ್ಕೆ ಹೊಂದುತ್ತವೆ. ಅದಕ್ಕೆ ಕಾರಣ ಫೊಮೊಪ್ಸಿಸ್ ಎಂಬ ಬೇರೊಂದು ಶಿಲೀಂಧ್ರ. ಇದು ಕರ್ನಾಟಕದ ಬಹಳ ಕಡೆ ಬೇವಿಗೆ ಬರುತ್ತದೆ. ಹೂ-ಹಣ್ಣು ಕಡಿಮೆಯಾಗುತ್ತದೆ, ವರ್ಷ ವರ್ಷ ಮರುಕಳಿಸಿದರೆ ಗಿಡ ಸೊರಗುತ್ತದೆ. ಆದರೂ ದೊಡ್ಡ ಗಿಡಗಳಲ್ಲಿ ಹೆಚ್ಚಿನವು ಚಳಿ ಕಳೆದ ಮೇಲೆ ಮತ್ತೆ ಚಿಗುರುತ್ತವೆ. ಆ್ಯಶ್‌ಗೆ ಅಪರೂಪವಾದ ಈ ಅವಕಾಶ ಬೇವಿಗೆ ಇರುವಾಗ ಅದನ್ನು ಡಿಸೆಂಬರಿನಲ್ಲಿ ನೋಡಿ ಸತ್ತಿತೆಂದು ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ.

ಒಣಗಿದ ತುದಿಯಿಂದ ಒಂದು ಮೊಳ ಕೆಳಗೆ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿರಿ. ಒಳಗೆ ಹಸಿರಾಗಿ ತೇವವಿದ್ದರೆ ಟೊಂಗೆ ಜೀವಂತವಾಗಿದೆ. ಬಳಿಕ ಬುಡ ನೋಡಿರಿ. ಬೇರು ಹೊರಡುವಲ್ಲಿ ಅಣಬೆಗಳು ಎದ್ದಿದ್ದರೆ, ಮರದ ಕೊಡತಿಯಿಂದ ಬಡಿದಾಗ ಪೊಳ್ಳು ಸದ್ದು ಬಂದರೆ, ಒಂದು ಬದಿಯ ಮಣ್ಣು ಬಿರಿದು ಮೇಲೆದ್ದಿದ್ದರೆ ಕಾಕಾನ ಆತಂಕ ನ್ಯಾಯವಾದದ್ದು. ಆಗ ತಡಮಾಡದೆ ನನಗೆ ಹೇಳಿರಿ. ಅವು ಇಲ್ಲದಿದ್ದರೆ ಬಿಸಿಲಿನ ದಿನ ನೋಡಿ ಒಣ ತುದಿಗಳನ್ನು ಹಸಿರು ಭಾಗದ ಒಂದು ಗೇಣು ಸೇರಿಸಿ ಕತ್ತರಿಸಿ ಸುಟ್ಟುಬಿಡಿರಿ. ಕೈಗೆಟುಕದವನ್ನು ದೋಟಿಗೆ ಕುಡಗೋಲು ಕಟ್ಟಿ ನೆಲದಿಂದಲೇ ತೆಗೆಯಬಹುದು. ಸೊಂಟಕ್ಕೆ ಹಗ್ಗವಿಲ್ಲದೆ ಕೊಡಲಿ ಹಿಡಿದು ಯಾರೂ ಮೇಲೆ ಹತ್ತಬಾರದು. ಕೂಲಿ ಕೊಟ್ಟು ಕರೆಸಿದವರಿಗೂ ಇದು ಅನ್ವಯಿಸುತ್ತದೆ.

ಛಾವಣಿಯ ಮೇಲೆ ಚಾಚಿರುವ ದೊಡ್ಡ ಟೊಂಗೆಯನ್ನು ತೆಗೆಯಲೇಬೇಕೆಂದರೆ, ಮೊದಲು ಕಾಂಡದಿಂದ ಒಂದು ಮೊಳ ಆಚೆಗೆ ಕೆಳಗಿನಿಂದ ಸ್ವಲ್ಪ ಗರಗಸ ಹಾಕಿ, ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಬೇಕು. ಇಲ್ಲವಾದರೆ ಬೀಳುವ ಟೊಂಗೆ ಕಾಂಡದ ತೊಗಟೆಯನ್ನು ಸಿಗಿದುಕೊಂಡೇ ಹೋಗುತ್ತದೆ. ಉಳಿದ ಮೋಟನ್ನು ಕಾಂಡಕ್ಕೆ ಸಮನಾಗಿ ಕೊಯ್ಯಬಾರದು. ಟೊಂಗೆ ಕಾಂಡಕ್ಕೆ ಕೂಡುವಲ್ಲಿ ಸುತ್ತಲೂ ಉಬ್ಬಿರುವ ಭಾಗವನ್ನು ಬಿಟ್ಟು ಅದರ ಹೊರ ಅಂಚಿಗೆ ಕೊಯ್ಯಬೇಕು. ಅಮೆರಿಕದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ, ಮರ ಕೊಳೆತ ಭಾಗದ ಸುತ್ತ ಒಳಗೊಳಗೇ ತಡೆಗೋಡೆ ಕಟ್ಟಿಕೊಳ್ಳುತ್ತದೆಂದು 1977ರಲ್ಲಿ ವಿವರಿಸಿದರು. ಆ ಉಬ್ಬನ್ನು ಕೊಯ್ದರೆ ಗೋಡೆಯೇ ಒಡೆಯುತ್ತದೆ. ಗಾಯಕ್ಕೆ ಡಾಂಬರು, ಬಣ್ಣ, ಸಗಣಿ ಏನನ್ನೂ ಬಳಿಯಬೇಡಿರಿ. ಬುಡದ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿ ಮಣ್ಣು ತುಂಬಿಸುವ ವಿಚಾರವಿದ್ದರೆ ಅದನ್ನೂ ಬಿಟ್ಟುಬಿಡಿರಿ, ಬೇರಿಗೆ ಉಸಿರಾಟ ಬೇಕು.

ತಮ್ಮನಿಗೆ ಹೇಳಿ ಬುಡದ ನಾಲ್ಕೂ ದಿಕ್ಕಿನ, ದೊಡ್ಡ ಕವಲಿನ ಮತ್ತು ಕೆರೆದು ನೋಡಿದ ಟೊಂಗೆಯ ಫೋಟೊಗಳನ್ನು ಹಗಲು ಬೆಳಕಿನಲ್ಲಿ ತೆಗೆಸಿ ವಾಟ್ಸಾಪಿಗೆ ಕಳುಹಿಸಿರಿ. ಅವುಗಳನ್ನು ನೋಡಿದ ದಿನವೇ ಕಾಕಾನಿಗೆ ನಾನು ಫೋನ್ ಮಾಡುತ್ತೇನೆ.

ಇಂತಿ ನಿಮ್ಮ ಮಗಳು